ಇಪ್ಪತ್ತನಾಲ್ಕು ಹಂಚು

ಬೆಳಗಾವಿಯ ಅನಗೋಳದ ನಮ್ಮ ಮನೆಯ ಮೆಟ್ಟಿಲ ಪಕ್ಕ ಒಂದು ಹಂಚು ಬಿದ್ದಿದೆ. ಬಿದ್ದಿದೆ ಎನ್ನುವುದು ನನ್ನ ಹೆಂಡತಿಯ ಮಾತು. ನಾನು ಅದನ್ನು ಇಟ್ಟಿದ್ದೇನೆ. ಅದರ ಬೆನ್ನಿನ ಮೇಲೆ ಒಂದು ನಾಯಿಯ ಹೆಜ್ಜೆ ಮೂಡಿದೆ. ನಾಲ್ಕು ಬೆರಳು, ಒಂದು ಅಂಗಾಲು, ಅಷ್ಟೇ. ಹಸಿ ಇದ್ದಾಗ ತುಳಿದದ್ದು ಹಾಗೆಯೇ ಭಟ್ಟಿ ಸೇರಿ ಗಟ್ಟಿಯಾಗಿದೆ. ಹೆಂಡತಿ ಅದರ ಮೇಲೆ ಹೂವಿನ ಕುಂಡ ಇಡುತ್ತಾಳೆ. ನಾನು ಕುಂಡ ಎತ್ತಿ ಪಕ್ಕಕ್ಕಿಡುತ್ತೇನೆ. ಮರುದಿನ ಕುಂಡ ಮತ್ತೆ ಅಲ್ಲೇ ಇರುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಜಗಳಕ್ಕೆ ಬಾಯಿ ಬೇಕಾಗುವುದಿಲ್ಲ ನೋಡಿ.

ಈ ಹಂಚು ಕೊಟ್ಟವನು ಖಾನಾಪುರದ ದಾವಲಸಾಬ. ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ಸುಡುತ್ತಿದ್ದವನು, ನನ್ನ ಗೆಳೆಯ. ಅವನಿಗೆ ನಾನು ಒಂದು ಮಾತು ಕೊಟ್ಟಿದ್ದೆ. ಅವನು ತೀರಿಕೊಂಡರೆ ಅವನ ಗೋರಿಗೆ ಅವನೇ ಸುಟ್ಟ ಹಂಚು ಹೊದಿಸುತ್ತೇನೆ ಎಂದು. ಇಂಥ ಮಾತನ್ನು ಬುದ್ಧಿ ಇದ್ದವರು ಕೊಡುವುದಿಲ್ಲ. ಆದರೆ ನಾನು ಇತಿಹಾಸದ ಮಾಸ್ತರ, ಅದರಲ್ಲೂ ರೋಮ್ ಸಾಮ್ರಾಜ್ಯದ ಹುಚ್ಚು ಹಿಡಿದ ಮಾಸ್ತರ.

ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕಲಿಸಿದೆ. ರೋಮ್ ಬಿಡಿ, ಗೋವೆಯ ಆಚೆ ಸಮುದ್ರ ದಾಟಿದವನಲ್ಲ. ಆದರೂ 'ರೋಮ್ ಸಾಮ್ರಾಜ್ಯದ ಪತನಕ್ಕೆ ಏಳು ಕಾರಣಗಳು' ಎಂದು ಬೋರ್ಡಿನ ಮೇಲೆ ಬರೆಯುವಾಗ ನನ್ನ ಎದೆ ಉಬ್ಬುತ್ತಿತ್ತು, ಸಾಮ್ರಾಜ್ಯ ನಾನೇ ಬೀಳಿಸಿದ ಹಾಗೆ. ಏಳರಲ್ಲಿ ಒಂದು ತಪ್ಪಿದರೂ ಹುಡುಗರಿಗೆ ಛಡಿ ಏಟು. ಐದನೇ ಕಾರಣ ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ನನಗೂ ನೆನಪಿಲ್ಲ. ದಾವಲಸಾಬನ ಮಗ ರಫೀಕ ನನ್ನ ಕೈಯಲ್ಲೇ ಕಲಿತವನು. ಒಮ್ಮೆ ಐದನೇ ಕಾರಣ ಬಾರದಿದ್ದಾಗ ನಿನ್ನೆ ಜ್ವರ ಬಂದಿತ್ತು ಎಂದು ಸುಳ್ಳು ಹೇಳಿದ್ದ. ಕಾರಣಕ್ಕೆ ಒಂದು, ಸುಳ್ಳಿಗೆ ಎರಡು ಏಟು ಕೊಟ್ಟಿದ್ದೆ. ಸಂಜೆ ಅವನ ಅಪ್ಪನ ಜೊತೆ ಕೂತು ಚಹಾ ಕುಡಿದೆ. ಅಪ್ಪ ಆ ಮಾತು ಎತ್ತಲೇ ಇಲ್ಲ.

ಖಾನಾಪುರದ ಮಣ್ಣಿನ ಗುಣ ನಿಮಗೆ ಗೊತ್ತಿರಬೇಕು. ಕುಂಬಾರರಿಗೂ ಹಂಚಿನವರಿಗೂ ಹೇಳಿ ಮಾಡಿಸಿದ ಮಣ್ಣು. ನಾನು ಕೆಲಸಕ್ಕೆ ಸೇರಿದಾಗ ಬಾಡಿಗೆಗೆ ಹಿಡಿದ ಕೋಣೆಯ ಎದುರಿಗೇ ಕಾರ್ಖಾನೆಯ ಚಿಮಣಿ. ದಾವಲಸಾಬ ಭಟ್ಟಿಯ ಕಿಂಡಿಯಲ್ಲಿ ಇಣುಕಿ ಬೆಂಕಿಯ ಬಣ್ಣ ನೋಡಿ, "ಇನ್ನೂ ಕೆಂಪ ಐತಿ, ಹಳದಿ ಬರಬೇಕು, ಹಾಕ್ರಿ ಕಟ್ಟಿಗಿ" ಎನ್ನುತ್ತಿದ್ದ. ಅವನ ಕಣ್ಣಿಗೆ ರೆಪ್ಪೆಗೂದಲು ಇದ್ದದ್ದನ್ನು ನಾನು ನೋಡಿದ್ದೇ ಇಲ್ಲ. ಸುಟ್ಟು ಹೋಗಿ ಹೋಗಿ ಅವು ಮತ್ತೆ ಬರುವುದನ್ನೇ ಬಿಟ್ಟಿದ್ದವು. ಭಟ್ಟಿ ಆರಿದ ಮೇಲೆ ಒಂದೊಂದೇ ಹಂಚು ಎತ್ತಿ ಬೆರಳಿನ ಗೆಣ್ಣಿನಿಂದ ಬಡಿಯುವನು. ಖಣ್ ಎಂದರೆ ಈ ಕಡೆ, ಬೊದ್ ಎಂದರೆ ಆ ಕಡೆ.

ಸಂಜೆ ಅವನು ನನ್ನ ಕಟ್ಟೆಗೆ ಬರುವನು, ಅಥವಾ ನಾನು ಅವನ ಅಂಗಳಕ್ಕೆ ಹೋಗುವೆ. ಅವನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ನಾನು ಹೇಳುವೆ, ಅವನು ಕೇಳುವನು. ರೋಮಿನ ಸ್ನಾನಗೃಹಗಳಲ್ಲಿ ನೆಲದ ಅಡಿಯಿಂದ ಬಿಸಿ ಗಾಳಿ ಹಾಯಿಸುತ್ತಿದ್ದದ್ದು, ಮೈಲುಗಟ್ಟಲೆ ಕಮಾನು ಕಟ್ಟಿ ಊರಿಗೆ ನೀರು ತಂದದ್ದು, ಸಿಂಹದ ಬಾಯಿಗೆ ಮನುಷ್ಯರನ್ನು ಕೊಟ್ಟು ಜನ ಚಪ್ಪಾಳೆ ಹೊಡೆದದ್ದು. ನಮ್ಮ ಗೋಡೆಯ ಕ್ಯಾಲೆಂಡರಿನ ಜುಲೈ, ಆಗಸ್ಟ್ ಕೂಡ ರೋಮಿನ ಇಬ್ಬರು ದೊಡ್ಡವರ ಹೆಸರು ಎಂದಾಗ, "ಎರಡೂ ಮಳಿ ತಿಂಗಳ. ಹಂಚ ಒಣಗಂಗಿಲ್ಲ, ಭಟ್ಟಿ ಬಂದ್. ನಮಗೇನೂ ಉಪಯೋಗ ಇಲ್ಲ ತಗೋರಿ ಅವರು" ಎಂದಿದ್ದ. ಅವನು ನನಗಿಂತ ಎರಡು ವರ್ಷ ದೊಡ್ಡವನು. ಆದರೂ ಅವನು ನನಗೆ 'ರೀ' ಹಚ್ಚುತ್ತಿದ್ದ, ನಾನು ಅವನಿಗೆ 'ನೀ' ಎನ್ನುತ್ತಿದ್ದೆ. ಇದು ನನ್ನ ಗಮನಕ್ಕೆ ಬಂದದ್ದು ಈಗ, ಬರೆಯಲು ಕೂತಾಗ.

ನಿವೃತ್ತಿಯಾಗಿ ಬೆಳಗಾವಿಗೆ ಬಂದೆ. ಅಷ್ಟರಲ್ಲಿ ಜನ ಸ್ಲ್ಯಾಬಿಗೆ, ತಗಡಿಗೆ ತಿರುಗಿದ್ದರು. ಕಾರ್ಖಾನೆಯೂ ಮುಚ್ಚಿತು. ಒಂದು ದಿನ ಕೋಟೆಯ ಹತ್ತಿರದ ಸಭಾಂಗಣದಲ್ಲಿ ಪುಣೆ ಕಡೆಯ ಪ್ರಾಧ್ಯಾಪಕರೊಬ್ಬರ ಉಪನ್ಯಾಸವಿತ್ತು. ಕೇಳಲು ಬಂದವರು ಹದಿನಾಲ್ಕು ಜನ, ಅದರಲ್ಲಿ ನಾಲ್ಕು ಜನ ಉಪ್ಪಿಟ್ಟಿಗೆ. ನಮ್ಮ ವಡಗಾವಿ-ಮಾಧವಪುರದಲ್ಲಿ ನೆಲ ಅಗೆದಾಗ ಶಾತವಾಹನರ ಕಾಲದ ಊರು ಸಿಕ್ಕಿದ್ದು, ಜೊತೆಗೆ ರೋಮಿನ ನಾಣ್ಯವೂ ಸಿಕ್ಕಿದ್ದು ನಮಗೆಲ್ಲ ಗೊತ್ತಿದ್ದದ್ದೇ. ಪ್ರಾಧ್ಯಾಪಕರು ಅದರಿಂದಲೇ ಶುರು ಮಾಡಿ ರೋಮಿಗೆ ಹಾರಿದರು. ಪರದೆಯ ಮೇಲೆ ಒಂದು ಚಿತ್ರ ಬಂತು. ತೋಡಿದ ನೆಲ, ಅದರಲ್ಲಿ ಎರಡು ಸಾಲು ಹಂಚು ಎದುರುಬದುರು ಒರಗಿಸಿ ನಿಲ್ಲಿಸಿದ್ದು, ಎರಡು ಅಂಗೈ ಜೋಡಿಸಿದ ಹಾಗೆ. ಇದು ಬಡವರ ಗೋರಿ ಎಂದರು. ಅಮೃತಶಿಲೆ ತರಲಾಗದವರು ಮನೆಯ ಮಾಡಿನ ಹಂಚನ್ನೇ ಹೆಣದ ಮೇಲೆ ಹೀಗೆ ಹೊದಿಸುತ್ತಿದ್ದರಂತೆ. ಸತ್ತವನಿಗೂ ಒಂದು ಪುಟ್ಟ ಮಾಡು. ಮುಂದಿನ ಚಿತ್ರದಲ್ಲಿ ಒಂದೇ ಹಂಚು, ಅದರ ಮೇಲೆ ನಾಯಿಯ ಹೆಜ್ಜೆ. ಅಂಗಳದಲ್ಲಿ ಒಣಗಲು ಇಟ್ಟಾಗ ತುಳಿದುಕೊಂಡು ಹೋದದ್ದು.

ನಾನು ಉಪ್ಪಿಟ್ಟಿಗೂ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆಯೇ ಖಾನಾಪುರದ ಬಸ್ಸು ಹತ್ತಿದೆ.

ದಾವಲಸಾಬ ಅಂಗಳದಲ್ಲಿ ಚಾಪೆಯ ಮೇಲೆ ಕೂತಿದ್ದ. ಆಗಲೇ ಅವನಿಗೆ ದಮ್ಮು ಶುರುವಾಗಿತ್ತು. ನಲವತ್ತು ವರ್ಷ ಕುಡಿದ ಹೊಗೆ ಎದೆಯಲ್ಲಿ ಮನೆ ಮಾಡಿತ್ತು. ನಾನು ನಿಂತೇ ಪಾಠ ಶುರು ಮಾಡಿದೆ. ನಾವು ಮಂಗಳೂರು ಹಂಚು ಎನ್ನುವುದನ್ನು ಈ ನೆಲಕ್ಕೆ ತಂದವರು ಯುರೋಪಿನವರು, ಅವರಿಗೆ ಹಂಚಿನ ರೂಢಿ ಹತ್ತಿಸಿದವರು ರೋಮಿನವರು, ನಿಮ್ಮ ಕಾರ್ಖಾನೆಯ ಹಾಗೆ ಅವರೂ ಹಂಚಿಗೆ ಮುದ್ರೆ ಒತ್ತುತ್ತಿದ್ದರು, ಆ ಲೆಕ್ಕಕ್ಕೆ ನೀನು ರೋಮಿನ ಮರಿಮಗ ಎಂದೆಲ್ಲ ಹೇಳಿ, ಕೊನೆಗೆ ನಾಯಿ ಹೆಜ್ಜೆಯ ಹಂಚಿಗೆ, ಗೋರಿಯ ಚಿತ್ರಕ್ಕೆ ಬಂದೆ. ಅವನು ಕೆಮ್ಮು ತಡೆದುಕೊಂಡು ಕೇಳಿದ.

"ಆ ಹಂಚು ಪೂರಾ ಸುಟ್ಟಿದ್ವೋ, ಅರಬರ ಸುಟ್ಟಿದ್ವೋ?"

"ಎರಡು ಸಾವಿರ ವರ್ಷ ಮಣ್ಣಾಗ ಇದ್ದಾವ. ಪೂರಾನ ಸುಟ್ಟಿರಬೇಕು."

"ಹಂಗಾರ ಅವರಲ್ಲೂ ಒಬ್ಬ ದಾವಲಸಾಬ ಇದ್ದಾ ಅನ್ರಿ" ಎಂದು ನಕ್ಕ. ನಗು ಕೆಮ್ಮಾಯಿತು. ಸುಧಾರಿಸಿಕೊಂಡು, "ಒಬ್ಬಗ ಎಷ್ಟ ಹಂಚ ಬೇಕಾಕ್ಕಾವು?" ಎಂದ.

ಪ್ರಾಧ್ಯಾಪಕರು ಅದನ್ನು ಹೇಳಿರಲಿಲ್ಲ. ಅವನೇ ಚಾಪೆಯ ಉದ್ದಕ್ಕೆ ಗೇಣು ಹಾಕಿ ಅಳೆದ. "ನಾ ಗಿಡ್ಡ ಅದೇನಿ. ಸಾಲಿಗೆ ಆರು, ಬಾಜುಕ್ಕ ಎರಡ ಸಾಲು. ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. ಇಪ್ಪತ್ನಾಕು."

"ಆತು. ನೀ ಹೋದ ದಿವಸ ನೀನ ಸುಟ್ಟ ಇಪ್ಪತ್ನಾಕ ಹಂಚು ನಾ ತರ್ತೇನಿ" ಎಂದೆ.

"ತರ್ರಿ ಮಾಸ್ತರ್ರ. ಆದ್ರ ಖಣ್ ಅನ್ನೂವ ನೋಡಿ ತರ್ರಿ" ಎಂದ. ಚಹಾ ತಂದಿದ್ದ ಅವನ ಹೆಂಡತಿ ಜೈತೂನಬಿ ಗಂಡನನ್ನು ಒಂದು ಥರ ನೋಡಿ ಒಳಗೆ ಹೋದರು. ಹೊರಡುವಾಗ ಅವನು ಹಿತ್ತಲಿನ ಮೂಲೆಯಲ್ಲಿ ಕೆದಕಿ ಈ ನಾಯಿ ಹೆಜ್ಜೆಯ ಹಂಚು ತೆಗೆದುಕೊಟ್ಟ. "ನಾಯಿ ಅಲ್ಲೀದ ಆದ್ರೇನು, ಇಲ್ಲೀದ ಆದ್ರೇನು" ಎಂದ.

ಇಲ್ಲಿ ನಾನು ಒಂದು ಹಳೆಯ ಸಂಗತಿ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ನಮ್ಮ ಅಪ್ಪ ತೀರಿಕೊಂಡದ್ದು ನಾನು ಖಾನಾಪುರದಲ್ಲಿದ್ದಾಗ. ನಾವು ಲಿಂಗಾಯತರು, ಹೆಣವನ್ನು ಸುಡುವುದಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಗುಂಡಿ ತೋಡುವವರ ಜೊತೆ ದಾವಲಸಾಬ ಇಳಿದಿದ್ದ. ಒಳಗಿನ ಗೂಡನ್ನು ಅವನ ಕೈಯೇ ನುಣ್ಣಗೆ ಮಾಡಿದ್ದು, ಮಣ್ಣು ಬಲ್ಲ ಕೈ ನೋಡಿ. ವಿಭೂತಿ ಯಾಕೆ, ಬಿಲ್ವಪತ್ರೆ ಯಾಕೆ, ಕುಂದರಿಸುವುದು ಯಾಕೆ ಎಂದು ಆಮೇಲೆ ಒಂದೊಂದಾಗಿ ಕೇಳಿ ತಿಳಿದುಕೊಂಡ. ಅಂಗೈಯಲ್ಲಿ ಲಿಂಗವಿದೆ, ಪೂಜೆಗೆ ಕೂತ ಹಾಗೆಯೇ ಕೂರಬೇಕು ಎಂದು ನಾನು ಅರ್ಧ ತಾಸು ವಿವರಿಸಿದೆ. ಮುಂದೆ ಎರಡು ವರ್ಷಕ್ಕೆ ಅವನ ತಾಯಿ ತೀರಿಕೊಂಡರು. ನಾನು ಮನೆಗೆ ಹೋಗಿ, ಕುರ್ಚಿಯ ಮೇಲೆ ಹತ್ತು ನಿಮಿಷ ಕೂತು, ಎದ್ದು ಬಂದೆ. ಕಬರಸ್ತಾನಕ್ಕೆ ಹೋಗಲಿಲ್ಲ. ಯಾರೂ ಬರಬೇಡಿ ಎಂದಿರಲಿಲ್ಲ. ಶಾಲೆ ಇತ್ತು ಅಂತ ಇಟ್ಟುಕೊಳ್ಳಿ. ಅಲ್ಲಿ ಏನು ಮಾಡುತ್ತಾರೆ, ಹೇಗೆ ಮಲಗಿಸುತ್ತಾರೆ ಎಂದು ಕೇಳಬೇಕೆಂದೂ ನನಗೆ ಅನ್ನಿಸಲಿಲ್ಲ.

ಈ ವರ್ಷ ಬೇಸಿಗೆಯ ಮೊದಲಲ್ಲಿ ಒಂದು ಬೆಳಿಗ್ಗೆ ಎಂಟಕ್ಕೆ ರಫೀಕನ ಫೋನು ಬಂತು. "ಸರ್, ಅಬ್ಬಾ ಹೋದ್ರು. ಮಧ್ಯಾಹ್ನದ ನಮಾಜ್ ಆದ ಮ್ಯಾಲ ಮಣ್ಣ. ಲಗೂ ಬರ್ರಿ" ಎಂದ. ಅವನ ದನಿ ಒಡೆದಿತ್ತು. ನನಗೆ ಅಳು ಬರಲಿಲ್ಲ. ತಲೆಯಲ್ಲಿ ಒಂದೇ ಅಂಕಿ ಕುಣಿಯುತ್ತಿತ್ತು, ಇಪ್ಪತ್ತನಾಲ್ಕು.

ನಮ್ಮ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರು. ಇಳಿಸಿದ ಹಂಚಿನ ರಾಶಿ ರಸ್ತೆಯ ಅಂಚಿಗಿತ್ತು, ಮತ್ತು ಅದರ ಮೇಲೆ ದಾವಲಸಾಬನ ಕಾರ್ಖಾನೆಯ ಮುದ್ರೆ ಇದ್ದದ್ದನ್ನು ನಾನು ವಾಯುವಿಹಾರಕ್ಕೆ ಹೋದಾಗ ನೋಡಿಟ್ಟಿದ್ದೆ. ಹೆಂಡತಿ, "ಮೊದಲ ನೀವು ಹೋಗಿ ಮುಟ್ರಿ. ಹಂಚು ಆಮ್ಯಾಲ ನೋಡೂಣಂತ" ಎಂದಳು. ನಿನಗೇನು ತಿಳಿಯುತ್ತದೆ ಎಂದು ಅವಳ ಮೇಲೆ ಹರಿಹಾಯ್ದೆ. ಮೇಸ್ತ್ರಿಯನ್ನು ಕೇಳಿದೆ, ಒಯ್ಯಿರಿ, ನಮಗೆ ಜಾಗ ಖಾಲಿಯಾದರೆ ಸಾಕು ಎಂದ. ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಹಂಚು ಎತ್ತಿ ಬೀಗದ ಕೈಯಿಂದ ಬಡಿದೆ. ಖಣ್ ಎಂದದ್ದು ಈ ಕಡೆ, ಬೊದ್ ಎಂದದ್ದು ಆ ಕಡೆ. ಇನ್ನೂರು ಬಡಿದಿರಬೇಕು. ಮುದ್ರೆ ಸ್ಪಷ್ಟ ಇಲ್ಲದ್ದನ್ನು ಬಿಟ್ಟೆ. ಮೂಲೆ ಮುಕ್ಕಾದದ್ದನ್ನು ಬಿಟ್ಟೆ. ಆರಿಸಿದ್ದನ್ನು ಮನೆಗೆ ತಂದು, ಪಾಚಿ ಹೋಗುವ ತನಕ ಬ್ರಶ್ಶಿನಿಂದ ತಿಕ್ಕಿ ತೊಳೆದೆ. ಸಣ್ಣ ಟೆಂಪೋ ಸಿಗುವ ಹೊತ್ತಿಗೆ ಹನ್ನೆರಡು ದಾಟಿತ್ತು. ದಾರಿಯುದ್ದಕ್ಕೂ ಡ್ರೈವರನಿಗೆ ರೋಮಿನ ಬಡವರ ಗೋರಿಯ ಕತೆ ಹೇಳಿದೆ. ಅವನು ಹೂಂ ಹೂಂ ಎನ್ನುತ್ತಿದ್ದ.

ಕಬರಸ್ತಾನ ಮುಟ್ಟಿದಾಗ ಜನರೆಲ್ಲ ಒಂದು ಕಡೆ ಬಾಗಿ ನಿಂತಿದ್ದರು. ದಾವಲಸಾಬನನ್ನು ಆಗಲೇ ಇಳಿಸಿಯಾಗಿತ್ತು. ಅವನನ್ನು ಮಲಗಿಸಿದ ಗೂಡಿನ ಮೇಲೆ ಕಟ್ಟಿಗೆಯ ಹಲಗೆ ಜೋಡಿಸುತ್ತಿದ್ದರು. ಕೊನೆಯ ಎರಡು ಹಲಗೆಗಳ ಸಂದಿಯಲ್ಲಿ ಬಿಳಿ ಬಟ್ಟೆ ಕಂಡಿತು. ಆಮೇಲೆ ಅದೂ ಮುಚ್ಚಿತು.

ನಾನು ಎರಡೂ ಕೈಯಲ್ಲಿ ಒಂದು ಹಂಚು ಹಿಡಿದು ಮುಂದೆ ಹೋದೆ. ಹೀಗೆ ಹೀಗೆ, ಅವನಿಗೆ ಮಾತು ಕೊಟ್ಟಿದ್ದೇನೆ, ಹಲಗೆಯ ಬದಲು ಇವನ್ನು ಇಡಬೇಕು ಎಂದೆ. ಬಿಳಿ ಗಡ್ಡದ ಹಿರಿಯರೊಬ್ಬರು ಬಂದು ನನ್ನ ಮೊಣಕೈ ಹಿಡಿದರು.

"ತಪ್ಪ ತಿಳಕೋಬ್ಯಾಡ್ರಿ ಮಾಸ್ತರ್ರ. ಬೆಂಕಿ ಕಂಡದ್ದನ್ನ ನಾವು ಗೋರಿ ಒಳಗ ಇಡಂಗಿಲ್ಲ. ಇಟ್ಟಂಗಿ ಇಟ್ಟರೂ ಹಸೀದ ಇಡಬೇಕು, ಇಲ್ಲಾ ಕಟ್ಟಿಗಿ. ಸುಟ್ಟದ್ದು ಬ್ಯಾಡ್ರಿ."

"ಮ್ಯಾಲರೆ ಹೊದಸ್ರಿ."

"ಮ್ಯಾಲ ಮಣ್ಣ ಸಾಕ್ರಿ. ನೀವೂ ಹಾಕ್ರಿ ಬರ್ರಿ, ಮೂರ ಮುಟಗಿ."

ಹಂಚನ್ನು ಕಾಲ ಬಳಿ ಇಟ್ಟು ಮೂರು ಹಿಡಿ ಮಣ್ಣು ಹಾಕಿದೆ. ಅದೇ ಖಾನಾಪುರದ ಮಣ್ಣು. ಎರಡು ಸಾವಿರ ವರ್ಷ ಹಿಂದೆ, ಏಳು ಸಮುದ್ರದ ಆಚೆ ಬಡವನನ್ನು ಹೇಗೆ ಹೂಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಎದುರಿಗೆ ಕೂತು ಚಹಾ ಕುಡಿದವನನ್ನು ಹೇಗೆ ಹೂಳುತ್ತಾರೆ ಎಂದು ಗೊತ್ತಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದಾಗ ಟೆಂಪೋದವನು, "ಕಾಕಾ, ಮಾಲ್ ಎಲ್ಲಿ ಇಳಸೂದು?" ಎಂದ. ರಫೀಕನೇ, "ನಮ್ಮ ಮನೀಗೆ ನಡೀರಿ" ಎಂದು ನನ್ನ ಪಕ್ಕದಲ್ಲಿ ಹತ್ತಿ ಕೂತ. ಸ್ವಲ್ಪ ದೂರ ಹೋದ ಮೇಲೆ ಕೇಳಿದ.

"ಸರ್, ಅಬ್ಬಾನ ಮುಖ ನಿಮಗ ತೋರಸಬೇಕಂತ ಭಾಳ ಹೊತ್ತ ತೆರದ ಇಟ್ಟಿದ್ವಿ. ಜನಾಜಾ ಎತ್ತಾಕ ಅರ್ಧಾ ತಾಸ ತಡಾ ಮಾಡಿದ್ವಿ. ಹಾದ್ಯಾಗ ಏನರೆ ತ್ರಾಸ ಆತೇನ್ರಿ?"

"ರಸ್ತೆ ಕೆಲಸ ನಡದೈತಪಾ. ಗಾಡಿ ಎಲ್ಲಾ ನಿಂತಬಿಟ್ಟಿದ್ವು" ಎಂದೆ.

ಅವನು ತಲೆಯಾಡಿಸಿದ, ನಂಬಿದ. ಡ್ರೈವರ ಒಮ್ಮೆ ನನ್ನ ಕಡೆ ನೋಡಿ ಮತ್ತೆ ರಸ್ತೆ ನೋಡಿದ.

ಮನೆಯ ಅಂಗಳದಲ್ಲಿ ಗಂಡಸರು ಕೂತಿದ್ದರು. ಜೈತೂನಬಿ ಇನ್ನು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರಿಗೆ ಬರುವಂತಿಲ್ಲ ಎಂದು ರಫೀಕ ಹೇಳಿದ. ಇದೂ ನನಗೆ ಹೊಸದು. ಅವನು ಒಳಗೆ ಹೋಗಿ ಹಂಚಿನ ಸಂಗತಿ ಹೇಳಿರಬೇಕು. ಬಾಗಿಲ ಪರದೆಯ ಹಿಂದಿನಿಂದ ಅವರ ದನಿ ಬಂತು.

"ಮಾಸ್ತರ್ರ, ಅವರಿಗೆ ಗೊತ್ತಿತ್ತರಿ. ತಮ್ಮ ಕೈಲೆ ಎಷ್ಟೋ ಮಂದಿಗೆ ಹಲಗಿ ಇಟ್ಟವರು ಅವರು, ಗೊತ್ತಿರಂಗಿಲ್ಲೇನು? ಹಂಚು ನಡಿಯಂಗಿಲ್ಲಂತ ಮಾಸ್ತರ್ರಿಗೆ ಯಾಕ ಹೇಳಲಿಲ್ಲ ಅಂತ ನಾ ಅವತ್ತ ಕೇಳಿದೆ."

"ಏನಂದಾ?"

"ಮಾಸ್ತರು ಇಷ್ಟ ವರ್ಷ ರೋಮಿನ ಸುದ್ದಿ ಹೇಳ್ಯಾರ, ಇವತ್ತ ಮೊದಲನೇ ಸಲ ಅದರಾಗ ನನ್ನ ಕೆಲಸ ಬಂತು. ನಡುವ ಹೆಂಗ ತಡೀಲಿ ಅಂದ್ರು. ಖುಷಿ ಆಗಿದ್ರರಿ ಅವತ್ತ ಭಾಳ."

ನಾನು ಕಣ್ಣೊರೆಸಿಕೊಂಡೆ. ಸಾಮ್ರಾಜ್ಯಗಳ ಕತೆ ಹೇಳುತ್ತಾ ಹೇಳುತ್ತಾ ಅವನ ಭಟ್ಟಿಯ ಬಗ್ಗೆ, ಆ ಕಣ್ಣಿನ ಬಗ್ಗೆ, ಎದೆಯ ಹೊಗೆಯ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ.

"ತಂದದ್ದು ತಂದೀರಿ, ಹಂಚು ಇಲ್ಲೇ ಇಳಸ್ರಿ" ಎಂದರು ಜೈತೂನಬಿ. "ಅಡಗಿಮನಿ ತಗಡು ತೂತ ಬಿದ್ದಾವ. ಅವರು ಸುಟ್ಟದ್ದು ಒಂದ ಹಂಚ ಸುದ್ದಾ ನಮ್ಮ ಮನಿ ಮ್ಯಾಲ ಇಲ್ಲರಿ."

ಆಗ ತಲೆ ಎತ್ತಿ ನೋಡಿದೆ. ಆ ಮನೆಯ ಮೇಲೆ ಇದ್ದದ್ದು ತಗಡು, ತುಕ್ಕು ಹಿಡಿದ ತಗಡು. ಅದರ ಮೇಲೆ ಕಲ್ಲು, ಹಳೆಯ ಟೈರು ಹೇರಿದ್ದರು. ಅದರ ಕೆಳಗೆ ಎಷ್ಟೋ ಮಳೆಗಾಲದ ಸಂಜೆ ಕೂತಿದ್ದೇನೆ. ಸದ್ದಿನಲ್ಲಿ ನನ್ನ ಪಾಠ ಕೇಳಿಸದಿದ್ದಾಗ ದನಿ ಏರಿಸಿ ಹೇಳಿದ್ದೇನೆ.

ಹಂಚು ಇಳಿಸಿ ಗೋಡೆಗೆ ಒರಗಿಸಿಟ್ಟೆವು. ರಫೀಕ ಅಡುಗೆಮನೆಯ ಅಗಲ ಕಣ್ಣಳತೆಯಲ್ಲೇ ನೋಡಿ, ಇವು ಒಂದು ಮೂಲೆಗೆ ಆಗುತ್ತವೆ ಎಂದ. ಉಳಿದದ್ದು ನಾನು ತರುತ್ತೇನೆ, ನಮ್ಮ ಓಣಿಯಲ್ಲಿ ರಾಶಿ ಬಿದ್ದಿದೆ, ನಾಳೆಯೇ ತರುತ್ತೇನೆ ಎಂದೆ. ಪರದೆಯ ಹಿಂದಿನಿಂದ, "ಮಳಿ ಹಿಡಿಯೂದರೊಳಗ ತಂದರ ಆತ್ರಿ" ಎಂದು ಕೇಳಿಸಿತು.

ಮರುದಿನ ಓಣಿಗೆ ಹೋದರೆ ರಾಶಿ ಇರಲಿಲ್ಲ. ಹಂಚನ್ನೆಲ್ಲ ಸುತ್ತಿಗೆಯಿಂದ ಪುಡಿ ಮಾಡಿ ಹೊಸ ಮನೆಯ ಪಾಯಕ್ಕೆ ತುಂಬಿ, ಮೇಲೆ ನೀರು ಹೊಡೆಯುತ್ತಿದ್ದರು. ರೋಮಿನವರೂ ಒಡಕು ಹಂಚನ್ನು ಪುಡಿ ಮಾಡಿ ಸುಣ್ಣದಲ್ಲಿ ಕಲಸಿ ನೆಲಕ್ಕೆ ಹಾಕುತ್ತಿದ್ದರು. ಇದು ನನಗೆ ಆ ಹೊತ್ತಿನಲ್ಲೂ ನೆನಪಾಯಿತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಮೇಸ್ತ್ರಿ, "ನಿನ್ನೇನ ಒಂದ ಮಾತ ಹೇಳಬೇಕಿಲ್ಲೇನ್ರಿ ಅಜ್ಜಾರ" ಎಂದ. ಆಮೇಲೆ ರವಿವಾರ ಪೇಟೆಯಲ್ಲಿ ವಿಚಾರಿಸಿದೆ, ಶಹಾಪುರದಲ್ಲಿ ವಿಚಾರಿಸಿದೆ. ಹಂಚು ಸಿಗುತ್ತಿತ್ತು, ಬೇರೆ ಊರಿನದು, ಬೇರೆ ಮುದ್ರೆಯದು. ಅವನ ಕೈ ತಾಗದ ಹಂಚನ್ನು ಆ ಹೆಣ್ಣುಮಗಳ ಮುಂದೆ ಯಾವ ಮುಖದಿಂದ ಇಳಿಸಲಿ ಎಂದುಕೊಂಡು ಬಿಟ್ಟೆ. ಯಾವುದೇ ಹಂಚು ಮಳೆ ತಡೆಯುತ್ತದೆ ಎಂದು ಹೆಂಡತಿ ಹೇಳಿದಳು. ಆಗಲೂ ಅವಳ ಮಾತು ಕೇಳಲಿಲ್ಲ.

ನಾಲ್ಕು ತಿಂಗಳಾಯಿತು, ಖಾನಾಪುರದ ಬಸ್ಸು ಹತ್ತಿಲ್ಲ. ರಫೀಕ ಎರಡು ಸಲ ಫೋನು ಮಾಡಿದ್ದ. ಮಂಡಿ ನೋವು ಎಂದೆ. ಈಗ ಮಳೆ ಹಿಡಿದಿದೆ. ಇಲ್ಲಿ ಅನಗೋಳದಲ್ಲೇ ಮೂರು ದಿನದಿಂದ ಬಿಟ್ಟಿಲ್ಲ; ಖಾನಾಪುರದಲ್ಲಿ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಇಪ್ಪತ್ತನಾಲ್ಕು ಹಂಚಿನ ಕೆಳಗೆ ಒಂದು ಒಲೆಗಷ್ಟೇ ಜಾಗ. ಜೈತೂನಬಿ ಎಲ್ಲಿ ಕೂತು ರೊಟ್ಟಿ ಬಡಿಯುತ್ತಾರೋ ಗೊತ್ತಿಲ್ಲ.